ಊರ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯುವಾಗ ಬೆಂಕಿಗೆ ತಯಾರಿ ಹೇಗೆ?

2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆ, ಕಸ ಮೇಲೆದ್ದು ಹಾರಿದವು. ಮೈದಾನ ಸ್ವಚ್ಛ ಮಾಡಿದ ಮೇಲಷ್ಟೇ ಅದು ಇಳಿಯಿತು. ಹಾಗಾಗಿ ಮೊದಲ ಕೆಲಸ ಕಸ ಗುಡಿಸುವುದು. ಪಕ್ಕದ ಹೊಲದಲ್ಲಿ ಒಣಗಿದ ತೊಗರಿ ಕಟ್ಟಿಗೆ, ಮೇವಿನ ಬಣವೆ ಇದ್ದರೆ ದೂರ ಸಾಗಿಸಿ. ಧೂಳು ಏಳದಂತೆ ನೀರು ಚಿಮುಕಿಸಿ. ನಮ್ಮದು ಎರೆ ಮಣ್ಣು, ನೀರು ಜಾಸ್ತಿಯಾದರೆ ಚಕ್ರ ಹೂತುಹೋಗುತ್ತದೆ.

ಮುಂದಿನದು ಫೋಮ್, ಅಂದರೆ ಬೆಂಕಿ ಆರಿಸುವ ನೊರೆ. ಇದರಲ್ಲಿ ಉಳಿತಾಯ ಬೇಡವೇ ಬೇಡ. ಹೆಲಿಕಾಪ್ಟರ್ ಇಂಧನ ಸೀಮೆಎಣ್ಣೆಯ ಜಾತಿಯದು, ನೀರಿಗಿಂತ ಹಗುರ. ಬರೀ ನೀರು ಹೊಡೆದರೆ ಉರಿಯುವ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತದೆ. ಫೋಮ್ ಕಂಬಳಿಯಂತೆ ಹೊದ್ದು ಗಾಳಿ ತಡೆಯುತ್ತದೆ, ಆವಿ ಏಳಲು ಬಿಡುವುದಿಲ್ಲ. 3 ಶೇಕಡಾ ಫೋಮ್ ಆದರೆ 97 ಲೀಟರ್ ನೀರಿಗೆ 3 ಲೀಟರ್ ದ್ರವ.

ಎಷ್ಟು ಬೇಕು? 15ರಿಂದ 24 ಮೀಟರ್ ಉದ್ದದ ಹೆಲಿಕಾಪ್ಟರಿಗೆ ಅಂತರರಾಷ್ಟ್ರೀಯ ನಿಯಮಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಲೆಕ್ಕ ಹೀಗಿದೆ: ನೆಲದ ಮೇಲೆ 1,000 ಲೀಟರ್ ನೀರು, ನಿಮಿಷಕ್ಕೆ 500 ಲೀಟರ್ ಫೋಮ್ ದ್ರಾವಣ, ಜೊತೆಗೆ ಬೆಂಕಿ ಆರಿಸುವ 45 ಕೆ.ಜಿ. ಒಣ ಪುಡಿ. ಅಂದರೆ ನೀರು ಬರುವುದು ಎರಡೇ ನಿಮಿಷ! ಮುಂಬೈ ಹೈನಂಥ ಸಮುದ್ರದ ತೈಲ ವೇದಿಕೆಯಲ್ಲಿ ಹೆಲಿಕಾಪ್ಟರ್ ಇಳಿಯುವ ಡೆಕ್‌ಗೆ ಅದೇ ಲೆಕ್ಕ 5,000 ಲೀಟರ್, ಹತ್ತು ನಿಮಿಷ. ಅಲ್ಲಿ ಓಡಿಹೋಗಲು ಜಾಗವಿಲ್ಲ, ಇನ್ನೊಂದು ಅಗ್ನಿಶಾಮಕ ಗಾಡಿ ಬರುವುದಿಲ್ಲ. ತಾಲ್ಲೂಕು ಕೇಂದ್ರದಿಂದ ದೂರವಿರುವ ಹಳ್ಳಿಯ ಮೈದಾನಕ್ಕೂ ಎರಡನೇ ಗಾಡಿ ಬೇಗ ಬರುವುದಿಲ್ಲ ಅಲ್ವಾ? ಅದಕ್ಕೇ ಇಂಥ ಕಡೆ ನೆಲದ ಲೆಕ್ಕ ಸಾಲದು, ಸಮುದ್ರದ ಲೆಕ್ಕ ಹಿಡಿಯಿರಿ ಎನ್ನುತ್ತೇನೆ. ಹೆಚ್ಚುವರಿ ನೀರಿನ ಟ್ಯಾಂಕರ್, ಫೋಮ್ ಕ್ಯಾನ್ ಮೊದಲೇ ತಂದಿಟ್ಟುಕೊಳ್ಳಿ.

ಗಾಡಿಯನ್ನು ಗಾಳಿ ಬರುವ ದಿಕ್ಕಿನಲ್ಲಿ, ಎತ್ತರದ ಜಾಗದಲ್ಲಿ ನಿಲ್ಲಿಸಿ. ಹೊಗೆ ಮುಖಕ್ಕೆ ಹೊಡೆಯುವುದಿಲ್ಲ, ಚೆಲ್ಲಿದ ಇಂಧನ ಗಾಡಿಯತ್ತ ಹರಿಯುವುದಿಲ್ಲ. ಸಮುದ್ರದ ವೇದಿಕೆಯ ಡೆಕ್‌ನ ಅಂಚಿಗೆ ಕಾಲುವೆ ಇರುವುದೂ ಇಂಧನ ಕೆಳಗಿನ ಅಂತಸ್ತಿಗೆ ಹರಿಯಬಾರದೆಂದೇ. ಎಂಜಿನ್ ಚಾಲೂ ಇರಲಿ, ಪೈಪ್ ಬಿಚ್ಚಿ ಹಾಸಿರಲಿ, ಸಿಬ್ಬಂದಿ ಉಡುಪು ತೊಟ್ಟೇ ನಿಂತಿರಲಿ. ಗಾಡಿ ಸುಮ್ನೆ ಮರದ ನೆರಳಲ್ಲಿ ನಿಂತಿದ್ದರೆ ಬೆಂಕಿ ಹತ್ತಿದ ಮೊದಲ ನಿಮಿಷಗಳು ಅಲ್ಲೇ ಕಳೆದುಹೋಗುತ್ತವೆ.

ಜನರನ್ನು ಬೇಲಿಯ ಆಚೆ ಇಡಿ. ರೆಕ್ಕೆ ತಿರುಗುವಾಗ ಹಾರ ಹಿಡಿದು ಓಡಬಾರದು, ಬಾಲದ ಕಡೆ ಯಾರೂ ಹೋಗಲೇಬಾರದು. ಪೈಲಟ್ ಸನ್ನೆ ಮಾಡಿದ ಮೇಲೆ ಮುಂದಿನಿಂದ, ಅವರಿಗೆ ಕಾಣುವಂತೆ ಹೋಗಿ.

ಅತಿಥಿ ಇಳಿದ ತಕ್ಷಣ ಅಗ್ನಿಶಾಮಕ ಗಾಡಿ ಕಳಿಸಬೇಡಿ. ಹೆಲಿಕಾಪ್ಟರ್ ಮತ್ತೆ ಏರಿ ದೂರ ಹೋಗುವವರೆಗೂ ಅದು ಅಲ್ಲೇ ಇರಬೇಕು.