ಸೋಲಾರ್ ಕೂರಿಸುವ ಮೊದಲು ಡಿಸೆಂಬರ್ ಸೂರ್ಯನನ್ನು ಹುಡುಕಿ

ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಕೂರಿಸುವುದು ನನ್ನ ಕೆಲಸ. ಏಪ್ರಿಲ್‌ನಲ್ಲಿ ಕರೆಸಿದವರು 'ಇಲ್ಲಿ ಒಳ್ಳೇ ಬಿಸಿಲು ಬೀಳುತ್ತೆ' ಅಂತ ಜಾಗ ತೋರಿಸುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲಿ ಬೀಳಲ್ಲ ಹೇಳಿ! ಬಿಸಿನೀರು ಜಾಸ್ತಿ ಬೇಕಾಗೋದು ಡಿಸೆಂಬರ್‌ನಲ್ಲಿ. ಅದಕ್ಕೇ ನಾನು ಡಿಸೆಂಬರ್ 21ರ ಬೆಳಿಗ್ಗೆ 10 ಗಂಟೆಯ ಸೂರ್ಯನನ್ನು ಲೆಕ್ಕ ಹಾಕಿ ಸ್ಟ್ಯಾಂಡ್ ಇಡುತ್ತೇನೆ. ಮೊಬೈಲ್‌ನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು, ಡಿಗ್ರಿ ಮೋಡ್‌ನಲ್ಲಿರಲಿ.

ಮೊದಲು ಗಡಿಯಾರ ಸರಿಮಾಡಿಕೊಳ್ಳಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.59ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 20 ನಿಮಿಷ ಕಳೆಯಿರಿ. ಮಂಗಳೂರಾದರೆ 30 ದಾಟುತ್ತದೆ. ಭೂಮಿ ವಾಲಿಕೊಂಡು, ಪೂರ್ತಿ ದುಂಡಗಿಲ್ಲದ ದಾರಿಯಲ್ಲಿ ಸುತ್ತುವುದರಿಂದ ಇನ್ನೊಂದು ತಿದ್ದುಪಡಿ ಇದೆ. ಡಿಸೆಂಬರ್ 21ಕ್ಕೆ 2 ನಿಮಿಷ ಕೂಡಿಸಿದರೆ ಆಯ್ತು. ಫೆಬ್ರವರಿ ಮಧ್ಯದಲ್ಲಿ 14 ಕಳೆಯಬೇಕು, ನವೆಂಬರ್ ಶುರುವಿನಲ್ಲಿ 16 ಕೂಡಿಸಬೇಕು. ಹೀಗೆ ನಮ್ಮ 10 ಗಂಟೆ ಸೂರ್ಯನಿಗೆ 9:42. ಮಧ್ಯಾಹ್ನಕ್ಕೆ ಇನ್ನೂ 138 ನಿಮಿಷ. 4ರಿಂದ ಭಾಗಿಸಿದರೆ 34.5 ಡಿಗ್ರಿ. ಇದು ಗಂಟೆ ಕೋನ, ಅಂದರೆ ಸೂರ್ಯ ತನ್ನ ಮಧ್ಯಾಹ್ನದ ಜಾಗದಿಂದ ಎಷ್ಟು ಡಿಗ್ರಿ ದೂರ ಅನ್ನೋದು.

ಮುಂದೆ ಕ್ರಾಂತಿ, ಅಂದರೆ ಸೂರ್ಯ ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ (ದಕ್ಷಿಣವಾದರೆ ಮೈನಸ್) ಎಷ್ಟು ಡಿಗ್ರಿ ಸರಿದಿದ್ದಾನೆ ಅನ್ನೋದು. ವರ್ಷದ ಎಷ್ಟನೇ ದಿನವೋ ಅದಕ್ಕೆ 284 ಕೂಡಿಸಿ, 360ರಿಂದ ಗುಣಿಸಿ 365ರಿಂದ ಭಾಗಿಸಿ. ಅದರ ಸೈನ್ ತೆಗೆದು 23.45ರಿಂದ ಗುಣಿಸಿ. ಡಿಸೆಂಬರ್ 21 ಅಂದರೆ 355ನೇ ದಿನ, ಬರುವುದು ಮೈನಸ್ 23.45.

ಈಗ ಎತ್ತರ, ಅಂದರೆ ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆ ಅನ್ನೋದು:

ಎತ್ತರದ ಸೈನ್ = (ಸೈನ್ ಅಕ್ಷಾಂಶ × ಸೈನ್ ಕ್ರಾಂತಿ) + (ಕಾಸ್ ಅಕ್ಷಾಂಶ × ಕಾಸ್ ಕ್ರಾಂತಿ × ಕಾಸ್ ಗಂಟೆ ಕೋನ)

ಬೆಂಗಳೂರಿನ ಅಕ್ಷಾಂಶ 12.97. ಮೊದಲ ಭಾಗ ಮೈನಸ್ 0.089, ಎರಡನೆಯದು 0.737. ಒಟ್ಟು 0.648. ಇನ್ವರ್ಸ್ ಸೈನ್ ಒತ್ತಿದರೆ ಸುಮಾರು 40.35 ಡಿಗ್ರಿ.

ದಿಕ್ಕಿಗೆ:

ದಿಕ್ಕಿನ ಕಾಸ್ = (ಸೈನ್ ಕ್ರಾಂತಿ − ಸೈನ್ ಎತ್ತರ × ಸೈನ್ ಅಕ್ಷಾಂಶ) ÷ (ಕಾಸ್ ಎತ್ತರ × ಕಾಸ್ ಅಕ್ಷಾಂಶ)

ಇನ್ವರ್ಸ್ ಕಾಸ್ ಒತ್ತಿದರೆ ಉತ್ತರ ದಿಕ್ಕಿನಿಂದ ಬಲಕ್ಕೆ 137 ಡಿಗ್ರಿ ಬರುತ್ತದೆ. ಹೆಚ್ಚುಕಮ್ಮಿ ಆಗ್ನೇಯ, ವಾಸ್ತುವಿನವರು ಅಡುಗೆಮನೆ ಇಡಿಸುವ ಮೂಲೆ. ಮಧ್ಯಾಹ್ನದ ಮೇಲಿನ ಲೆಕ್ಕವಾದರೆ ಬಂದ ಉತ್ತರವನ್ನು 360ರಿಂದ ಕಳೆಯಿರಿ.

ಪಕ್ಕದ ಮನೆಯ ಗೋಡೆ ನಿಮ್ಮ ತಾರಸಿಗಿಂತ 10 ಅಡಿ ಎತ್ತರ ಅಂದುಕೊಳ್ಳಿ. 10ನ್ನು 40.35ರ ಟ್ಯಾನ್‌ನಿಂದ ಭಾಗಿಸಿ: ನೆರಳು ಹತ್ತಿರಹತ್ತಿರ 12 ಅಡಿ, ವಾಯವ್ಯದ ಕಡೆಗೆ. ಅಷ್ಟು ಜಾಗ ಬಿಟ್ಟು ಸ್ಟ್ಯಾಂಡ್ ಇಡಿ. ಆಗ್ನೇಯಕ್ಕೆ ಖಾಲಿ ಸೈಟ್ ಇದ್ದರೆ, ಅಲ್ಲಿ ಆಗಲೇ ನಾಲ್ಕು ಮಹಡಿ ಎದ್ದಿದೆ ಅಂತಲೇ ನಾನು ಲೆಕ್ಕ ಹಾಕುವುದು.