ವ್ಯಾಪಾರಕ್ಕೆ ಯಾವ ಕ್ಲೌಡ್? ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ

"ಅಮೆಜಾನ್ ತಗೊಳ್ಳೋದಾ, ಮೈಕ್ರೋಸಾಫ್ಟ್‌ದಾ, ಗೂಗಲ್‌ದಾ?" ಅಂಗಡಿಯ ಸರ್ವರ್ ಹಳೆಯದಾಯಿತು ಅಂದ ತಕ್ಷಣ ವ್ಯಾಪಾರಸ್ಥರು ನನಗೆ ಫೋನ್ ಮಾಡಿ ಕೇಳುವ ಮೊದಲ ಮಾತು ಇದು. ಸಣ್ಣ, ಮಧ್ಯಮ ವ್ಯಾಪಾರಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಾನು ಪ್ರತಿ ಸಲವೂ ಹೇಳುವುದು ಒಂದೇ: ಈ ಪ್ರಶ್ನೆ ಕೊನೆಗಿರಲಿ. ಕ್ಲೌಡ್ ಅಂದರೆ ಅಂಗಡಿಯಲ್ಲಿ ಸರ್ವರ್ ಇಡುವ ಬದಲು ಇಂಥ ಕಂಪನಿಯ ಯಂತ್ರವನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಪಡೆಯುವುದು. ಮೂರೂ ಕಂಪನಿಗಳ ಯಂತ್ರ ಚೆನ್ನಾಗಿಯೇ ಇವೆ. ವ್ಯಾಪಾರಸ್ಥರಿಗೆ ಪೆಟ್ಟು ಬೀಳುವುದು ಬಿಲ್‌ನಲ್ಲಿ, ಖಾತೆಯ ಕೀಲಿಯಲ್ಲಿ, ಬ್ಯಾಕಪ್‌ನಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಬಟ್ಟೆಯ ಸಗಟು ವ್ಯಾಪಾರ. 25 ಜನ ಕೆಲಸಗಾರರು. ವಿಂಡೋಸ್ ಮೇಲೆ ನಡೆಯುವ ಬಿಲ್ಲಿಂಗ್ ಸಾಫ್ಟ್‌ವೇರ್. ಸುತ್ತಲಿನ ಊರಿನ ಅಂಗಡಿಯವರು ಸೀರೆಯ ಫೋಟೋ ನೋಡಿ ಆರ್ಡರ್ ಹಾಕಲು ಒಂದು ಮೊಬೈಲ್ ಆ್ಯಪ್.

ಮೊದಲ ಹೆಜ್ಜೆ: ಏನೇನು ಓಡುತ್ತಿದೆ, ಬರೆಯಿರಿ

ಹಾಳೆಯ ಎಡಗಡೆ ನಿಮ್ಮಲ್ಲಿ ನಡೆಯುವ ಸಾಫ್ಟ್‌ವೇರ್‌ಗಳ ಹೆಸರು ಬರೆಯಿರಿ. ಪಕ್ಕದಲ್ಲಿ ಎಷ್ಟು ಜನ ಬಳಸುತ್ತಾರೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಬರೆಯಿರಿ. ಕೊನೆಗೆ ಇನ್ನೊಂದು ಸಾಲು: ಇದು ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಹುದು? ಬಿಲ್ಲಿಂಗ್ ಅರ್ಧ ಗಂಟೆ ನಿಂತರೂ ಗಿರಾಕಿ ಎದ್ದು ಹೋಗುತ್ತಾರೆ. ಫೋಟೋ ಆ್ಯಪ್ ರಾತ್ರಿಯಿಡೀ ನಿಂತರೂ ನಡೆಯುತ್ತದೆ. ಈ ಎರಡಕ್ಕೂ ಒಂದೇ ಬೆಲೆಯ ವ್ಯವಸ್ಥೆ ಬೇಕಿಲ್ಲ.

ಹಾಳೆಯಲ್ಲಿ ಬರೀ ಟ್ಯಾಲಿ ಮತ್ತು ಇಮೇಲ್ ಮಾತ್ರ ಇದ್ದರೆ? ಒಬ್ಬಿಬ್ಬರು ಒಂದೇ ಕಡೆ ಕೂತು ಬಳಸುವುದಾದರೆ ನಿಮಗೆ ಈ ಮೂರರಲ್ಲಿ ಯಾವುದೂ ಬೇಡ. ಒಳ್ಳೆಯ ಕಂಪ್ಯೂಟರ್, ಒಳ್ಳೆಯ ಬ್ಯಾಕಪ್ ಸಾಕು. ಪಕ್ಕದ ಅಂಗಡಿಯವರು ಹಾಕಿಸಿದರು ಅಂತ ಸುಮ್ನೆ ತಿಂಗಳ ಖರ್ಚು ತಲೆ ಮೇಲೆ ಎಳೆದುಕೊಳ್ಳಬೇಡಿ.

ಎರಡನೆಯದು: ಯಂತ್ರ ಯಾವ ಊರಲ್ಲಿದೆ?

ಬೆಂಗಳೂರಿನಲ್ಲಿ ಮೂರೂ ಕಂಪನಿಗಳ ಕಚೇರಿಗಳಿವೆ. ಆದರೆ ನೀವು ಬಾಡಿಗೆಗೆ ಪಡೆಯುವ ಯಂತ್ರಗಳ ನೆಲೆ, ಅಂದರೆ ಇವರು 'ರೀಜನ್' ಅನ್ನುವುದು, ಬೇರೆ ಊರುಗಳಲ್ಲಿದೆ. ಅಮೆಜಾನ್‌ನ ಎಡಬ್ಲ್ಯುಎಸ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಮೈಕ್ರೋಸಾಫ್ಟ್‌ನ ಅಜೂರ್ 2015ರಿಂದ ಪುಣೆ, ಚೆನ್ನೈ, ಮುಂಬೈಗಳಲ್ಲಿದೆ. ಗೂಗಲ್ ಕ್ಲೌಡ್ 2017ರಲ್ಲಿ ಮುಂಬೈನಲ್ಲಿ, 2021ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಕರ್ನಾಟಕದಿಂದ ಇವೆಲ್ಲ ಕಣ್ಣು ಮಿಟುಕಿಸುವಷ್ಟರ ದೂರವೇ.

ಎಚ್ಚರ ಬೇಕಾದ್ದು ಇನ್ನೊಂದು ಕಡೆ. ಹೊಸ ಖಾತೆ ತೆರೆದಾಗ ರೀಜನ್ ತಾನಾಗಿಯೇ ಅಮೆರಿಕದ್ದು ಬಂದಿರಬಹುದು. ಎಡಬ್ಲ್ಯುಎಸ್‌ನಲ್ಲಿ ಪರದೆಯ ಮೇಲ್ಗಡೆ, ಬಲಭಾಗದಲ್ಲಿ ರೀಜನ್ ಹೆಸರು ಇರುತ್ತದೆ. ಅಲ್ಲಿ ಮುಂಬೈ ಅಂತ ಇದೆಯಾ ನೋಡಿಯೇ ಮುಂದಿನ ಗುಂಡಿ ಒತ್ತಿ. 2025ರ ಅಕ್ಟೋಬರ್ 20ರಂದು ಎಡಬ್ಲ್ಯುಎಸ್‌ನ ವರ್ಜೀನಿಯಾ ರೀಜನ್‌ನಲ್ಲಿ ತೊಂದರೆಯಾಗಿ, ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ನಿಂತವು. ದಾವಣಗೆರೆಯ ಸೀರೆ ಫೋಟೋ ವರ್ಜೀನಿಯಾದಲ್ಲಿ ಇರಬೇಕಾದ ಕಾರಣವೇ ಇಲ್ಲ, ಅಲ್ವಾ?

ಮೂರನೆಯದು: ಯಾವುದು ಯಾರಿಗೆ ಹೊಂದುತ್ತದೆ

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ವಿಂಡೋಸ್ ಸರ್ವರ್, ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್) ಲೈಸೆನ್ಸ್‌ಗಳನ್ನು ಆಗಲೇ ದುಡ್ಡು ಕೊಟ್ಟು ಕೊಂಡಿದ್ದೀರಾ? ಅಜೂರ್‌ನಿಂದ ಶುರು ಮಾಡಿ. ಅರ್ಹತೆ ಇರುವ ಹಳೆಯ ಲೈಸೆನ್ಸ್ ತೋರಿಸಿದರೆ ಬಾಡಿಗೆ ಕಡಿಮೆಯಾಗುವ ಸೌಲಭ್ಯ ಅಲ್ಲಿದೆ. ಮಾರಾಟದ ಲಕ್ಷಾಂತರ ಸಾಲುಗಳನ್ನು ಜಾಲಾಡಿ 'ಯಾವ ಊರಲ್ಲಿ ಯಾವ ಬಣ್ಣ ಓಡುತ್ತದೆ' ಅಂತ ತಿಳಿಯುವ ಆಸೆ ಇದ್ದರೆ ಗೂಗಲ್‌ನ ಬಿಗ್‌ಕ್ವೆರಿ ನನಗೆ ಬಹಳ ಇಷ್ಟ. ತಿಂಗಳಿಗೆ 1 ಟೆರಾಬೈಟ್‌ವರೆಗಿನ ಹುಡುಕಾಟಕ್ಕೆ ಅದು ದುಡ್ಡು ಕೇಳುವುದಿಲ್ಲ. ಎಡಬ್ಲ್ಯುಎಸ್ 2006ರಿಂದ ಇದೆ, ಹಾಗಾಗಿ ಅದನ್ನು ಬಲ್ಲ ಹುಡುಗರು ಸಿಗುವುದು ಸುಲಭ.

ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯ. ರಾತ್ರಿ 9ಕ್ಕೆ ಬಿಲ್ಲಿಂಗ್ ನಿಂತರೆ ಯಾರು ಬರುತ್ತಾರೆ? ಉಚಿತವಾಗಿ ಕೊಡುವ ನೆರವಿನಲ್ಲಿ ಮೂರೂ ಕಂಪನಿಗಳು ಬಿಲ್ ಮತ್ತು ಖಾತೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ತಾಂತ್ರಿಕ ನೆರವು ಬೇಕಾದರೆ ಬೇರೆ ದುಡ್ಡು. ನಿಮ್ಮ ಊರಲ್ಲಿ, ನಿಮ್ಮ ಭಾಷೆಯಲ್ಲಿ ಮಾತಾಡುವ ಒಬ್ಬ ಅನುಭವಿ ಅಜೂರ್ ಬಲ್ಲವನಾಗಿದ್ದರೆ, ನಿಮಗೆ ಅಜೂರ್ ಸರಿ. ಗೂಗಲ್ ಬಲ್ಲವನಾಗಿದ್ದರೆ ಗೂಗಲ್ ಸರಿ.

ನಾಲ್ಕನೆಯದು: ಬಿಲ್ ಬರುವ ಮೊದಲೇ ಬಿಲ್ ಮಾಡಿ

ಮೂರೂ ಕಂಪನಿಗಳ ಜಾಲತಾಣದಲ್ಲಿ ಬೆಲೆ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಇದೆ. ಯಂತ್ರದ ಬಾಡಿಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಮರೆಯುವುದು ಉಳಿದದ್ದನ್ನು.

ಮುಖ್ಯವಾಗಿ ಡೇಟಾ ಹೊರಗೆ ಹೋಗುವ ಖರ್ಚು. ಗೋದಾಮಿಗೆ ಮಾಲು ಇಳಿಸುವಾಗ ಹಮಾಲಿ ಇಲ್ಲ, ಹೊರಗೆ ಸಾಗಿಸುವಾಗ ಮಾತ್ರ ಹಮಾಲಿ ಅಂದುಕೊಳ್ಳಿ. ನಮ್ಮ ಆ್ಯಪ್‌ನಲ್ಲಿ ಅಂಗಡಿಯವರು ಫೋಟೋ ನೋಡಿದಷ್ಟೂ ಡೇಟಾ ಹೊರಗೆ ಹೋಗುತ್ತದೆ. ತಿಂಗಳಿಗೆ 300 ಜಿಬಿ ಆಯಿತು ಅನ್ನೋಣ. ಎಡಬ್ಲ್ಯುಎಸ್‌ನಲ್ಲಿ ಮೊದಲ 100 ಜಿಬಿ ಉಚಿತ. ಉಳಿದ 200 ಜಿಬಿಗೆ ಮುಂಬೈನಲ್ಲಿ ಜಿಬಿಗೆ ಸುಮಾರು 11 ಸೆಂಟ್‌ನಂತೆ 22 ಡಾಲರ್. ಡಾಲರ್‌ಗೆ 88 ರೂಪಾಯಿ ಅಂತ ಹಿಡಿದರೆ 1,936 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಸೇರಿ ಹೆಚ್ಚುಕಡಿಮೆ 2,285. ಫೋಟೋಗಳ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಹೊರಹೋಗುವುದು 150 ಜಿಬಿ. ಆಗ ಇದೇ ಖರ್ಚು 570 ರೂಪಾಯಿ ಆಸುಪಾಸಿಗೆ ಬರುತ್ತದೆ. ಬೇರೆ ಕಂಪನಿಗೆ ಬದಲಾಯಿಸುವುದಕ್ಕಿಂತ ಇದು ಜಾಸ್ತಿ ಉಳಿತಾಯ.

ಜಿಎಸ್‌ಟಿ ಅಂದಾಗ ನೆನಪಾಯಿತು. ಖಾತೆ ತೆರೆದ ದಿನವೇ ನಿಮ್ಮ ಜಿಎಸ್‌ಟಿ ನಂಬರ್ ಹಾಕಿ. ಇಲ್ಲವಾದರೆ ಇನ್‌ಪುಟ್ ಕ್ರೆಡಿಟ್ ಕೈತಪ್ಪುತ್ತದೆ.

ಯಂತ್ರ ನಿಲ್ಲಿಸಿದರೂ ಮೀಟರ್ ಓಡುತ್ತಿರುತ್ತದೆ ಅನ್ನುವುದೂ ಗೊತ್ತಿರಲಿ. ಯಂತ್ರಕ್ಕೆ ಅಂಟಿದ ಡಿಸ್ಕ್‌ಗೆ ಬಾಡಿಗೆ ಬರುತ್ತಲೇ ಇರುತ್ತದೆ. ಎಡಬ್ಲ್ಯುಎಸ್ 2024ರ ಫೆಬ್ರುವರಿಯಿಂದ ಯಂತ್ರವನ್ನು ಇಂಟರ್‌ನೆಟ್‌ನಲ್ಲಿ ಗುರುತಿಸುವ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ. ಒಂದಕ್ಕೆ ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ. ಬಜೆಟ್ ಅಲರ್ಟ್ ಅನ್ನುವ ಸೌಲಭ್ಯ ಮೂರರಲ್ಲೂ ಇದೆ. ಮಿತಿ ಹಾಕಿ, ಅಲರ್ಟ್ ಮಾಲೀಕರ ಇಮೇಲ್‌ಗೇ ಬರುವಂತೆ ಮಾಡಿ. ಆದರೆ ಅದು ಎಚ್ಚರಿಕೆ ಮಾತ್ರ, ಯಂತ್ರವನ್ನು ತಾನಾಗಿ ನಿಲ್ಲಿಸುವುದಿಲ್ಲ.

1 ವರ್ಷ, 3 ವರ್ಷಕ್ಕೆ ಮಾತು ಕೊಟ್ಟರೆ ಬಾಡಿಗೆ ಬಹಳ ಇಳಿಯುತ್ತದೆ. ಮೊದಲ ಮೂರು ತಿಂಗಳು ಆ ಕಡೆ ಹೋಗಬೇಡಿ. ನಿಮಗೆ ನಿಜಕ್ಕೂ ಎಷ್ಟು ದೊಡ್ಡ ಯಂತ್ರ ಬೇಕು ಅನ್ನುವುದು ಮೂರು ತಿಂಗಳು ಕಳೆದ ಮೇಲೆ ಗೊತ್ತಾಗಿರುತ್ತದೆ.

ಐದನೆಯದು: ಕೀಲಿ ಯಾರ ಕೈಯಲ್ಲಿದೆ?

ನನ್ನ ಪರಿಚಯದ ಒಂದು ಅಂಗಡಿಯಲ್ಲಿ ಹೀಗಾಯಿತು. ಕೆಲಸ ಮಾಡಿಕೊಟ್ಟ ಹುಡುಗ ತನ್ನದೇ ಇಮೇಲ್‌ನಲ್ಲಿ, ತನ್ನದೇ ಮೊಬೈಲ್ ನಂಬರ್‌ನಲ್ಲಿ ಖಾತೆ ತೆರೆದಿದ್ದ. ಮೋಸ ಮಾಡುವ ಮನಸ್ಸಿನಿಂದಲ್ಲ, ಅವಸರದಲ್ಲಿ. ಆಮೇಲೆ ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ, ನಂಬರ್ ಬದಲಾಯಿಸಿದ. ಕಾರ್ಡ್ ಅವಧಿ ಮುಗಿದು ಬಿಲ್ ಬಾಕಿಯಾದಾಗ ಎಚ್ಚರಿಕೆಯ ಮೇಲ್‌ಗಳೆಲ್ಲ ಅವನಿಗೇ ಹೋದವು. ಮಾಲೀಕರು ಪರದೆ ಮುಂದೆ ಕೂತು ಒಟಿಪಿಗಾಗಿ ಕಾಯುತ್ತಿದ್ದರು, ಆ ಒಟಿಪಿ ಬರುವ ಸಿಮ್ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಹುಡುಗನನ್ನು ಹುಡುಕಿ ಹಿಡಿಯುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಆ ಒಂಬತ್ತೂ ದಿನ ಅವರು ಕೈಬಿಲ್ ಬರೆದರು. ಆ ಮಾಲೀಕರ ಮುಖ ನನಗೆ ಇನ್ನೂ ಮರೆತಿಲ್ಲ.

ಆದ್ದರಿಂದ ಮುಖ್ಯ ಖಾತೆ ವ್ಯಾಪಾರದ ಹೆಸರಿನ ಇಮೇಲ್‌ನಲ್ಲಿರಲಿ, ಮಾಲೀಕರ ನಂಬರ್‌ನಲ್ಲಿರಲಿ. ಪಾಸ್‌ವರ್ಡ್ ಜೊತೆಗೆ ಎರಡನೇ ಬೀಗವಾಗಿ ಎಂಎಫ್‌ಎ (ಮೊಬೈಲ್‌ನಲ್ಲಿ ಬರುವ ಕೋಡ್‌ನಂಥದ್ದು) ಹಾಕಿ. ಕೆಲಸ ಮಾಡುವವರಿಗೆ ಬೇರೆ ಬೇರೆ ಬಳಕೆದಾರ ಹೆಸರು ಕೊಡಿ, ಬಿಟ್ಟು ಹೋದ ದಿನವೇ ತೆಗೆಯಿರಿ.

ಕಾನೂನಿನ ಒಂದು ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಲಾಗ್‌ಗಳನ್ನು, ಅಂದರೆ ಯಂತ್ರದಲ್ಲಿ ಏನೇನು ನಡೆಯಿತು ಅನ್ನುವ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು, ಸೈಬರ್ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಆದರೆ ಯಾರು ಖಾತೆಯಲ್ಲಿ ಏನು ಬದಲಾಯಿಸಿದರು ಅನ್ನುವ ದಾಖಲೆ ಎಡಬ್ಲ್ಯುಎಸ್‌ನಲ್ಲೂ ಅಜೂರ್‌ನಲ್ಲೂ ತಾನಾಗಿ 90 ದಿನ ಮಾತ್ರ ಉಳಿಯುತ್ತದೆ. ಅದನ್ನು ಬೇರೆ ಕಡೆ ಉಳಿಸುವಂತೆ ಮೊದಲ ದಿನವೇ ಹೇಳಿ ಮಾಡಿಸಿ.

ಆರನೆಯದು: ಒಳಗೆ ಹೋಗುವ ಮೊದಲು ಹೊರಬರುವ ದಾರಿ

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಎಲ್ಲ ಕಡೆ ಸಿಗುವ ಡೇಟಾಬೇಸ್ (ಡೇಟಾ ಜೋಡಿಸಿಡುವ ಸಾಫ್ಟ್‌ವೇರ್) ಮೇಲೆ ಕಟ್ಟಿದ ಆ್ಯಪ್ ಅನ್ನು ಯಾವ ಕ್ಲೌಡ್‌ಗಾದರೂ ಒಯ್ಯಬಹುದು. ಒಂದೇ ಕಂಪನಿಯಲ್ಲಿ ಸಿಗುವ ಡೇಟಾಬೇಸ್ ಮೇಲೆ ಕಟ್ಟಿದರೆ ಮುಂದೆ ಬಿಡುವುದು ಕಷ್ಟ. ಪೂರ್ತಿ ಬಿಟ್ಟು ಹೋಗುವ ಗ್ರಾಹಕರಿಗೆ ಡೇಟಾ ಹೊರಸಾಗಿಸುವ ಶುಲ್ಕ ಮನ್ನಾ ಮಾಡುವುದಾಗಿ ಮೂರೂ ಕಂಪನಿಗಳು 2024ರಲ್ಲಿ ಹೇಳಿದವು. ಷರತ್ತುಗಳಿವೆ, ಮೊದಲೇ ಅರ್ಜಿ ಹಾಕಬೇಕು.

ಬ್ಯಾಕಪ್‌ನ ಒಂದು ಪ್ರತಿಯಾದರೂ ಬೇರೆ ಕಂಪನಿಯಲ್ಲೋ ನಿಮ್ಮ ಅಂಗಡಿಯ ಹಾರ್ಡ್‌ಡಿಸ್ಕ್‌ನಲ್ಲೋ ಇರಲೇಬೇಕು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟು ಹೋದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಹಲವರು ತಮ್ಮ ಡೇಟಾ ಕಳೆದುಕೊಂಡರು. 2024ರ ಮೇನಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ಸಂಸ್ಥೆಯ ಗೂಗಲ್ ಕ್ಲೌಡ್ ವ್ಯವಸ್ಥೆ ತಪ್ಪಾದ ಒಂದು ಸೆಟ್ಟಿಂಗ್‌ನಿಂದ ಅಳಿಸಿಹೋಯಿತು. ಇನ್ನೊಂದು ಕಂಪನಿಯಲ್ಲಿಟ್ಟಿದ್ದ ಬ್ಯಾಕಪ್ ಅವರ ಕೈ ಹಿಡಿಯಿತು.

ಕೊನೆಯದು: ಎರಡು ವಾರ ಓಡಿಸಿ ನೋಡಿ

ಹಾಳೆ ತುಂಬಿದ ಮೇಲೆ ಎರಡು ಕಂಪನಿಗಳ ಹೆಸರು ಉಳಿಯುತ್ತವೆ. ಹೊಸ ಖಾತೆಗೆ ಮೂರೂ ಕಂಪನಿಗಳು ಒಂದಷ್ಟು ಉಚಿತ ಕ್ರೆಡಿಟ್ ಕೊಡುತ್ತವೆ, ಸಾಧ್ಯವಾದಷ್ಟು ಅದರಲ್ಲೇ ಎರಡೂ ಕಡೆ ನಿಮ್ಮ ಬಿಲ್ಲಿಂಗ್‌ನ ಒಂದು ನಕಲು ಹಾಕಿಸಿ. ನಿಮ್ಮ ಗಲ್ಲಾದಲ್ಲಿ, ನಿಮ್ಮದೇ ಇಂಟರ್‌ನೆಟ್‌ನಲ್ಲಿ, ಸಂಜೆ ಗಿರಾಕಿ ತುಂಬಿರುವ ಹೊತ್ತಿನಲ್ಲಿ ಬಿಲ್ ಮಾಡುವವರಿಗೇ ಬಳಸಲು ಕೊಡಿ. ಎಲ್ಲಿ ತಡವರಿಸುತ್ತದೆ ಅಂತ ಅವರೇ ಹೇಳುತ್ತಾರೆ.

ನಡುವೆ ಒಂದು ಭಾನುವಾರ, ಅಂಗಡಿಗೆ ರಜೆ ಇರುವಾಗ, ಆ ನಕಲನ್ನು ಪೂರ್ತಿ ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತರಿಸಿ. ಶನಿವಾರದ ಕೊನೆಯ ಬಿಲ್ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ. ಗಡಿಯಾರ ನೋಡುತ್ತಾ ಕೂತಿರಿ. ಪರದೆ ಮೇಲೆ ಅದೇ ನಂಬರ್ ಬಂದಾಗ ಎಷ್ಟು ಹೊತ್ತಾಗಿತ್ತು ಅಂತ ಅದೇ ಚೀಟಿಯಲ್ಲಿ ಬರೆದು, ಮೊದಲ ದಿನದ ಹಾಳೆಗೆ ಪಿನ್ ಹಾಕಿ.