ಸ್ಕ್ರೋಲ್ ತೆಗೆದೆ, ಒತ್ತಕ್ಷರ ಉಳಿಯಿತು

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜರಿದಾಗ ನಮ್ಮ ಮಡಿಕೇರಿಯ ಕೇಬಲ್ ಚಾನೆಲ್‌ನಲ್ಲಿ ಪರಿಹಾರ ಕೇಂದ್ರಗಳ ಫೋನ್ ನಂಬರ್‌ಗಳನ್ನು ಪರದೆಯ ಕೆಳಗಿನ ಸ್ಕ್ರೋಲ್‌ನಲ್ಲಿ ಓಡಿಸಿದೆವು. ಕರೆಂಟ್ ಇದ್ದ ಊರುಗಳಿಂದ ಆಫೀಸಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ: "ಆ ನಂಬರಿನ ಕೊನೆಗಿರುವುದು 3ಆ, 8ಆ?" ಸ್ಟುಡಿಯೋ ಮಾನಿಟರ್‌ನಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮನೆ ಟಿವಿಯಲ್ಲಿ ಅಕ್ಷರ ಕಲಸಿಹೋಗುತ್ತಿತ್ತು. ಅವತ್ತಿನ ಸಂಕಟ ಇನ್ನೂ ಹೋಗಿಲ್ಲ. ಇದನ್ನು ಸರಿ ಮಾಡಲು ನನಗೆ ಐದು ವರ್ಷ ಹಿಡಿಯಿತು.

ಮೊದಲು ದುಡ್ಡು ಕಳೆದದ್ದು ಹೇಳುತ್ತೇನೆ. ರೆಡಿಮೇಡ್ ಟೆಂಪ್ಲೇಟ್ ಪ್ಯಾಕಿಗೆ ನಾಲ್ಕು ಸಾವಿರ ಚಿಲ್ಲರೆ. ಎಲ್ಲವೂ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಪಟ್ಟಿಗಳು. ಅದರಲ್ಲಿ ಊರಿನ ಹೆಸರು "ಅಮ್ಮತ್ತಿ" ಅಂತ ಹಾಕಿದರೆ ಕೆಳಗಿನ ಒತ್ತು ಕತ್ತರಿಸಿ "ಅಮತಿ" ಆಗುತ್ತಿತ್ತು, "ಕುಟ್ಟ" ಹೋಗಿ "ಕುಟ". ಆಮೇಲೆ ಬೆಂಗಳೂರಿನ ಒಬ್ಬ ಡಿಸೈನರ್‌ಗೆ ಸುಮಾರು 35 ಸಾವಿರ ಕೊಟ್ಟೆ. ಕೆಂಪು ಬ್ಯಾಂಡ್, ಮಿಂಚು, ತಿರುಗುವ ಗ್ಲೋಬ್ ಬಂತು. ಕೆಂಪಿನ ಮೇಲೆ ಬಿಳಿ ಅಕ್ಷರದ ಅಂಚು ಕೇಬಲ್‌ನಲ್ಲಿ ಹರಡುತ್ತದೆ ಅಂತ ಗೊತ್ತಾದದ್ದು ಹಣ ಕೊಟ್ಟ ಮೇಲೆ. ಪರದೆಯ ಮೇಲೆ ಅಕ್ಷರ ಹಾಕುವ ನಮ್ಮ ಹಳೆಯ ಸಿಜಿ ಸಾಫ್ಟ್‌ವೇರ್‌ಗೆ ಹಳೆಯ ಸಂಕೇತದ ನುಡಿ ಫಾಂಟೇ ಬೇಕು, ವರದಿಗಾರರು ಮೊಬೈಲ್‌ನಲ್ಲಿ ಕಳಿಸುವುದು ಯೂನಿಕೋಡ್. ಕನ್ವರ್ಟ್ ಮಾಡಿ, ಅರ್ಕಾವೊತ್ತು ಸರಿ ಮಾಡಿ ಹಾಕುವಷ್ಟರಲ್ಲಿ ಬ್ರೇಕಿಂಗ್ ಸುದ್ದಿ ಹಳೆಯದಾಗಿರುತ್ತಿತ್ತು.

ಸ್ಕ್ರೋಲ್ ಸ್ಪೀಡಿನ ಮೇಲೆ ಒಂದು ವರ್ಷವೇ ಹೋಯಿತು. ಫೀಲ್ಡಿಗೆ (ಅರ್ಧ ಫ್ರೇಮಿಗೆ) 2 ಪಿಕ್ಸೆಲ್, 3, 4, ಎಲ್ಲ ನೋಡಿದೆ. ಸ್ಟುಡಿಯೋದಲ್ಲಿ ಬೆಣ್ಣೆಯ ಹಾಗೆ ಓಡುತ್ತಿತ್ತು. ತೊಂದರೆ ಇದ್ದದ್ದು ಕೇಬಲ್ ಹೆಡ್‌ಎಂಡಿನ (ಚಾನೆಲ್‌ಗಳನ್ನು ಕೂಡಿಸಿ ಮನೆಗಳಿಗೆ ಕಳಿಸುವ ಜಾಗ) ಎನ್‌ಕೋಡರ್‌ನಲ್ಲಿ, ಅಂದರೆ ಚಿತ್ರವನ್ನು ಹಿಂಡಿ ಸಣ್ಣದು ಮಾಡುವ ಪೆಟ್ಟಿಗೆಯಲ್ಲಿ. ಲೋಕಲ್ ಚಾನೆಲ್‌ಗೆ ಸಿಗುವುದು ಸೆಕೆಂಡಿಗೆ ಅಂದಾಜು 2 ಮೆಗಾಬಿಟ್. ಓಡುವ ಅಕ್ಷರ ಪ್ರತಿ ಫ್ರೇಮಿನಲ್ಲೂ ಬಿಟ್ ತಿನ್ನುತ್ತದೆ, ನಿಂತ ಅಕ್ಷರ ಹೆಚ್ಚುಕಡಿಮೆ ತಿನ್ನುವುದೇ ಇಲ್ಲ. ಮಳೆ, ಹರಿಯುವ ಕೆಂಪು ನೀರು, ಕೈಯಲ್ಲಿ ಅಲುಗುವ ಕ್ಯಾಮೆರಾ ಇದ್ದಾಗ ಇರುವ ಬಿಟ್ಟೆಲ್ಲ ಚಿತ್ರಕ್ಕೇ ಹೋಗುತ್ತದೆ. ಅಂದರೆ ಜನಕ್ಕೆ ಅಕ್ಷರ ಅತ್ಯಂತ ಬೇಕಾದ ಹೊತ್ತಿನಲ್ಲೇ ಅಕ್ಷರ ಕೆಡುತ್ತದೆ.

"ಅಣ್ಣ, ಸ್ಕ್ರೋಲ್ ತೆಗೆದುಬಿಡುವ" ಅಂದೆ ಓನರ್‌ಗೆ. "ಸ್ಕ್ರೋಲ್ ಇಲ್ಲದ ನ್ಯೂಸ್ ಚಾನೆಲ್ ಎಲ್ಲಾದ್ರೂ ಉಂಟಾ ಮಾರಾಯ? ಸಂಬಳ ಕೊಡುವುದೇ ಸ್ಕ್ರೋಲ್ ಜಾಹೀರಾತಿಂದ" ಅಂದರು. ಅದೂ ನಿಜವೇ. ತಿಂಗಳಿಗೆ 28–30 ಸಾವಿರ ಅದರಿಂದಲೇ ಬರುತ್ತಿತ್ತು.

ಆದರೂ ಮಾಡಿದೆ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ 18 ಸಾವಿರ, ಕಂಪ್ಯೂಟರಿನ ಚಿತ್ರವನ್ನು ಟಿವಿ ಸಿಗ್ನಲ್ ಆಗಿ ಹೊರಗೆ ಕೊಡುವ ಹಳೆಯ ಡೆಕ್‌ಲಿಂಕ್ ಕಾರ್ಡ್ 12 ಸಾವಿರದ ಆಸುಪಾಸು. ಸಾಫ್ಟ್‌ವೇರ್ ಕ್ಯಾಸ್ಪರ್‌ಸಿಜಿ. ಸ್ವೀಡನ್ನಿನ ಸಾರ್ವಜನಿಕ ಟಿವಿ ಎಸ್‌ವಿಟಿ ತಯಾರಿಸಿ ಉಚಿತವಾಗಿ ಬಿಟ್ಟದ್ದು. ಟೆಂಪ್ಲೇಟ್ ಎಚ್‌ಟಿಎಂಎಲ್ ಆದ್ದರಿಂದ ಯೂನಿಕೋಡ್ ಕನ್ನಡ ನೇರವಾಗಿ, ಒತ್ತು ಸಮೇತ ಸರಿಯಾಗಿ ಕೂರುತ್ತದೆ. ವರದಿಗಾರ ಮೊಬೈಲ್‌ನಿಂದ ಶೀಟ್‌ಗೆ ಟೈಪ್ ಮಾಡಿದರೆ ಸಾಕು, ನಾನು ಓದಿ ಸರಿ ಅಂದ ಮೇಲೆ ಏರ್‌ಗೆ ಹೋಗುತ್ತದೆ.

ಪಟ್ಟಿಯ ಎತ್ತರ ನಿಗದಿ ಮಾಡಲು ನಾನು ಇಟ್ಟುಕೊಂಡ ಸಾಲು "ರಾಷ್ಟ್ರೀಯ ಹೆದ್ದಾರಿ 275 ಬಂದ್". "ಷ್ಟ್ರೀ"ಯಲ್ಲಿ ಟ ಒತ್ತು, ರ ಒತ್ತು ಎರಡೂ ಕೆಳಗೆ ಇಳಿಯುತ್ತವೆ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಅದು ಕತ್ತರಿಸದೆ ಕೂತರೆ ಉಳಿದದ್ದೆಲ್ಲ ಕೂರುತ್ತದೆ. ಫಾಂಟ್‌ಗಳಲ್ಲಿ ನೋಟೋ ಸಾನ್ಸ್ ಚೆನ್ನಾಗಿದೆ, ಆದರೆ ನಮ್ಮ ಕೇಬಲ್‌ಗೆ ತೆಳು. ಬಾಲೂ ತಮ್ಮ ದಪ್ಪವಿದೆ, ಆದರೆ ನಿಧನ ವಾರ್ತೆಗೆ ಆ ದುಂಡು ಅಕ್ಷರ ಒಪ್ಪುವುದಿಲ್ಲ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಬದಲಿಸಬಹುದು, ಅದಕ್ಕೇ ನಿಂತೆ. ಬ್ಯಾಂಡ್ ಕಡು ನೀಲಿ, ಅಕ್ಷರ ಬಿಳಿ. ಪಕ್ಕಾ ಬಿಳಿಯಲ್ಲ. ಅದರ ನಂಬರ್ ನನ್ನ ಹತ್ತಿರವೇ ಇರಲಿ.

ಸುದ್ದಿ ಸಾಲು ಈಗ ಓಡುವುದಿಲ್ಲ, ಮಗುಚುತ್ತದೆ. ಒಂದು ಸಾಲಿಗೆ ಆರು ಪದ, ಆರು ಸೆಕೆಂಡ್, ಆಮೇಲೆ ಇನ್ನೊಂದು. ಫೇಡ್ ಬೇಡವೇ ಬೇಡ, ನೇರ ಕಟ್. ಆ ಕಟ್ ಯಾವ ಕ್ಷಣಕ್ಕೆ ಬಿದ್ದರೆ ಎನ್‌ಕೋಡರ್‌ಗೆ ಹಿತ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅದನ್ನು ಕಂಡುಕೊಳ್ಳಲು ಎರಡು ತಿಂಗಳು ರಾತ್ರಿ ಕೂತಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಅಮ್ಮನ ಅಡುಗೆಮನೆಯಲ್ಲಿ ಇನ್ನೂ 21 ಇಂಚಿನ ಡಬ್ಬಾ ಟಿವಿ ಇದೆ. ಮೊದಲ ದಿನ ಅದರಲ್ಲಿ ನೋಡಿದರೆ ಒತ್ತುಗಳೆಲ್ಲ ಪರದೆಯ ಅಂಚಿನ ಕೆಳಗೆ. ಪಟ್ಟಿಯನ್ನು 40 ಲೈನ್‌ನಷ್ಟು ಮೇಲೆತ್ತಿದೆ. ಅಮ್ಮ ಒಲೆ ಹತ್ತಿರ ನಿಂತು ಕನ್ನಡಕ ಇಲ್ಲದೆ ಓದಿದ ಮೇಲೆಯೇ ಫೈಲ್ ಸೇವ್ ಮಾಡಿದ್ದು.

ಮಧ್ಯೆ ಬೇರೆ ಪ್ರಯೋಗಗಳಿಗೂ ಕೈಹಾಕಿದೆ. ಹಾರಂಗಿ ಡ್ಯಾಮಿನ ಪ್ಲೇಟ್‌ನಲ್ಲಿ (ಪೂರ್ತಿ ಪರದೆಯ ಮಾಹಿತಿ ಫಲಕ) ಗರಿಷ್ಠ ಮಟ್ಟ 2,859 ಅಡಿ ಅಂತ ಸೊನ್ನೆಯಿಂದ ಬಾರ್ ಹಾಕಿದರೆ ಬೇಸಿಗೆಯಲ್ಲೂ ಡ್ಯಾಂ ತುಂಬಿದ ಹಾಗೇ ಕಾಣುತ್ತದೆ. ಬಾರಿನ ಬುಡವನ್ನು 2,800ಕ್ಕೆ ಇಟ್ಟ ಮೇಲೆ ಒಂದೊಂದು ಅಡಿಯ ಏರಿಳಿತವೂ ಕಣ್ಣಿಗೆ ಬಿತ್ತು. ಮಳೆಯನ್ನು ಸರ್ಕಾರಿ ಲೆಕ್ಕದಂತೆ ಮಿಲಿಮೀಟರ್‌ನಲ್ಲಿ ಹಾಕುತ್ತಿದ್ದೆವು. ತೋಟದವರು ಮಾತಾಡುವುದು ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು). "2 ಇಂಚು 40 ಸೆಂಟ್" ಅಂತ ಹಾಕಲು ಶುರು ಮಾಡಿದ ವಾರದಲ್ಲೇ ನಾಪೋಕ್ಲು, ಶ್ರೀಮಂಗಲ, ಸೋಮವಾರಪೇಟೆ ಕಡೆಯ ಬೆಳೆಗಾರರು ತಾವಾಗಿಯೇ ಬೆಳಿಗ್ಗೆ ಲೆಕ್ಕ ಕಳಿಸತೊಡಗಿದರು. ಕಾಫಿ ದರದ ಪ್ಲೇಟಿಗೂ ಹಾಗೇ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು, ಚೆರಿ ಅಂದರೆ ಹಣ್ಣನ್ನು ಹಾಗೇ ಒಣಗಿಸಿದ್ದು), 50 ಕೆಜಿ ಮೂಟೆಯ ಲೆಕ್ಕ, ಒಂದೇ ಪರದೆ, ಹತ್ತು ಸೆಕೆಂಡ್. ಕಾಳುಮೆಣಸನ್ನೂ ಅಲ್ಲೇ ತುರುಕಿ ನೋಡಿದೆ, ಅಕ್ಷರ ಸಣ್ಣದಾಯಿತು, ತೆಗೆದು ಬೇರೆ ಪ್ಲೇಟ್ ಮಾಡಿದೆ.

ದುಡ್ಡಿನ ವಿಷಯ. ಮೊದಲ ತಿಂಗಳು ಆದಾಯ 19 ಸಾವಿರಕ್ಕೆ ಇಳಿಯಿತು. ಗೋಣಿಕೊಪ್ಪದ ಒಬ್ಬ ಕಾಫಿ ವ್ಯಾಪಾರಿ "ನನ್ನ ಅಂಗಡಿ ಹೆಸರು ಓಡದಿದ್ದರೆ ದುಡ್ಡು ಯಾಕೆ ಕೊಡಲಿ" ಅಂತ ಬಿಟ್ಟೇಬಿಟ್ಟರು. ಮೂರನೇ ತಿಂಗಳು ಅವರೇ ಫೋನ್ ಮಾಡಿದರು. ಹೋಟೆಲಲ್ಲಿ ಕೂತು ಚಹಾ ಕುಡಿಯುವಾಗ ಬೇರೆಯವರ ಜಾಹೀರಾತಿನ ಫೋನ್ ನಂಬರ್ ಪೂರ್ತಿ ಬರೆದುಕೊಳ್ಳಲು ಆಯಿತಂತೆ. ದಿನಕ್ಕೆ 100 ಇದ್ದ ದರವನ್ನು 250 ಮಾಡಿದೆವು, ಯಾರೂ ಚೌಕಾಸಿ ಮಾಡಲಿಲ್ಲ. ಈಗ ತಿಂಗಳಿಗೆ 45 ಸಾವಿರ ದಾಟುತ್ತದೆ.

ಕಳೆದ ದಸರಾದ ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ) ಲೈವ್‌ಗೆ ಓನರ್ ರಾತ್ರಿಯಿಡೀ ನನ್ನ ಪಕ್ಕದಲ್ಲೇ ಕೂತಿದ್ದರು. "ಕುಂದುರುಮೊಟ್ಟೆ ಶ್ರೀ ಚೌಟಿ ಮಾರಿಯಮ್ಮ ದೇವಸ್ಥಾನ" ಒಂದೇ ಸಾಲಿನಲ್ಲಿ, ಅಷ್ಟೂ ಒತ್ತಿನೊಂದಿಗೆ ಕೂತಿತು. ಅಕ್ಷರದ ಅಗಲವನ್ನು ಶೇಕಡಾ 80ಕ್ಕೆ ಇಳಿಸಿದ್ದೆ, ದಪ್ಪ ಹಾಗೇ ಬಿಟ್ಟಿದ್ದೆ. ಬೆಳಗಿನ ಜಾವ ಪಕ್ಕದ ತಾಲ್ಲೂಕಿನ ಕೇಬಲ್‌ನವರು ಫೋನ್ ಮಾಡಿ ಟೆಂಪ್ಲೇಟ್ ಕೇಳಿದರು. ಕಳಿಸಿದೆ, ಕಟ್ ಬೀಳುವ ಲೆಕ್ಕದ ಫೈಲ್ ಒಂದನ್ನು ಬಿಟ್ಟು.